ದಂಡಿನಜ್ಜನ ನೀರಿನ ತೊಟ್ಟಿ

ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸುವುದು ಎಲ್ಲ ದೇಶಗಳಲ್ಲಿಯೂ ಪೂರ್ವದಿಂದ ನಡೆದುಬಂದಿರುವ ಪದ್ಧತಿ. ಕನ್ನಡನಾಡಿನ ಊರೂರುಗಳಲ್ಲಿ ಕಾಣುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಆದರೆ ಯುದ್ಧಕ್ಕೆ ಹೋಗಿ, ಜೀವದೊಡನೆ ಹಿಂದಿರುಗಿ, ಆಮೇಲೆ ಹಲವು ದಶಕಗಳ ಕಾಲ ನೇಗಿಲು ಹಿಡಿದು ಬಾಳಿ, ಹಾಸಿಗೆಯ ಮೇಲೆ ಕಣ್ಣು ಮುಚ್ಚಿದವನಿಗೆ ವೀರಗಲ್ಲಿಲ್ಲ. ಮನೆಯವರ ನೆನಪೇ ಆತನ ಶಾಸನ. ಆ ಶಾಸನದಲ್ಲಿಯೂ ಒಂದು ದೋಷವುಂಟು: ಆತನು ಹೇಳಿದುದಕ್ಕಿಂತ ಕೇಳುವವರು ಬಯಸಿದುದೇ ಅದರಲ್ಲಿ ಹೆಚ್ಚಾಗಿ ಉಳಿಯುತ್ತದೆ. ಮೈಸೂರು ಸೀಮೆಯ ಒಬ್ಬ ಕುದುರೆಯ ಸವಾರನ ವಿಷಯದಲ್ಲಿ ಹೀಗಾಗದಿರಲೆಂಬುದೇ ಈ ಲೇಖನದ ಉದ್ದೇಶ.

ನಂಜನಗೂಡು ಪ್ರಾಂತದಲ್ಲಿ, ಕಪಿಲಾನದಿಗೆ ಎರಡು ಹರಿದಾರಿ ದೂರದ ಒಣದಿಬ್ಬದ ಮೇಲೆ ಒಂದು ಸಣ್ಣ ಗ್ರಾಮವಿದೆ. ಹಿಂದೆ ಆ ಊರಿಗೆಲ್ಲ ಒಂದೇ ಸಿಹಿನೀರಿನ ಬಾವಿ. ಆ ಬಾವಿಯ ಬಳಿಯಲ್ಲಿ, ಬೇವಿನ ಮರದ ನೆರಳಿನಲ್ಲಿ, ಕರಿಕಲ್ಲಿನ ಉದ್ದವಾದ ಒಂದು ತೊಟ್ಟಿಯುಂಟು. ಅದನ್ನು ಕಟ್ಟಿಸಿದಾತನನ್ನು ಜನರು ದಂಡಿನಜ್ಜನೆಂದು ಕರೆಯುತ್ತಿದ್ದರು. ಆತನು ೧೮೯೪ರಲ್ಲಿ ಹುಟ್ಟಿ ೧೯೬೭ರಲ್ಲಿ ಕಾಲಾಧೀನನಾದನು. ಮೊಮ್ಮಕ್ಕಳು ನಾಲ್ವರಿಗೂ ಆತನಲ್ಲಿದ್ದ ಪ್ರೀತಿಯು ಅಷ್ಟಿಷ್ಟಲ್ಲ. ಅವರೆಲ್ಲ ಈಗ ತಾವೇ ಅಜ್ಜ ಅಜ್ಜಿಯರಾಗಿದ್ದಾರೆ. ಆದರೂ ಅಜ್ಜನ ಮಾತು ಬಂದರೆ ಅವರ ಧ್ವನಿಯು ಇಂದಿಗೂ ಮೃದುವಾಗುತ್ತದೆ.

ಅಜ್ಜನು ಹದಿನೆಂಟನೆಯ ವಯಸ್ಸಿನಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಭಲ್ಲೆಯ ಸವಾರರ ದಳವನ್ನು ಸೇರಿದನು. ಆಗಿನ ಕಾಲದಲ್ಲಿ ದೇಶೀಯ ಸಂಸ್ಥಾನಗಳು ಚಕ್ರಾಧಿಪತ್ಯದ ಸೇವೆಗಾಗಿ ತಮ್ಮ ಖರ್ಚಿನಿಂದ ಸೈನ್ಯವನ್ನು ಇಟ್ಟುಕೊಂಡಿರುತ್ತಿದ್ದವು. ಈ ದಳವು ಅಂಥದು. ೧೯೧೪ರಲ್ಲಿ ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಾಗ, ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಯುದ್ಧನಿಧಿಗೆ ೫೦ ಲಕ್ಷ ರೂಪಾಯಿಗಳನ್ನು ಕೊಟ್ಟುದಲ್ಲದೆ ಈ ದಳವನ್ನೂ ಕಳುಹಿಸಿಕೊಟ್ಟರು. ಅದೇ ಅಕ್ಟೋಬರಿನಲ್ಲಿ ಸವಾರರು ಬೆಂಗಳೂರನ್ನು ಬಿಟ್ಟು, ಮುಂಬಯಿಯಲ್ಲಿ ಕುದುರೆಗಳೊಡನೆ ಹಡಗನ್ನೇರಿ, ಈಜಿಪ್ಟ್ ದೇಶಕ್ಕೆ ಹೋದರು.

ಹೊರಡುವಾಗ ಅಜ್ಜನಿಗೆ ಇಪ್ಪತ್ತು ವರ್ಷ. ಮನೆಯಲ್ಲಿ ತಾಯಿಯೂ, ಆರು ತಿಂಗಳ ಬಸುರಿಯಾದ ಹೆಂಡತಿಯೂ ಇದ್ದರು. ಒಬ್ಬ ತಂಗಿಯನ್ನು ಮೂರು ಹರಿದಾರಿ ಆಚೆಯ ಊರಿಗೆ ಕೊಟ್ಟಿತ್ತು. ಸಮುದ್ರವನ್ನು ದಾಟಿದವನಿಗೆ ಜಾತಿಯೂ ಉಳಿಯದು ಜೀವವೂ ಉಳಿಯದು ಎಂದು ನೆರೆಹೊರೆಯವರು ಆಡಿಕೊಂಡರಂತೆ. ತಾಯಿಯು ನಂಜುಂಡೇಶ್ವರನಿಗೆ ಮುಡಿಪು ಕಟ್ಟಿ, “ಹೋದ ದಾರಿಯಲ್ಲಿಯೇ ಬಾ” ಎಂದಿಷ್ಟೇ ಹೇಳಿ ಕಳುಹಿಸಿದಳು.

ಈಜಿಪ್ಟಿನಲ್ಲಿ ಈ ದಳದ ಮೊದಲ ಕೆಲಸವು ಸೂಯೆಜ್ ಕಾಲುವೆಯ ರಕ್ಷಣೆ. ೧೯೧೫ರ ಫೆಬ್ರವರಿ ತಿಂಗಳ ಮೊದಲ ವಾರದಲ್ಲಿ ತುರ್ಕರ ಸೈನ್ಯವು ಸಿನಾಯ್ ಮರುಭೂಮಿಯನ್ನು ದಾಟಿಬಂದು, ಕಾಲುವೆಯನ್ನು ಹಾಯಲು ಪ್ರಯತ್ನಿಸಿ ಹಿಂದೆಗೆಯಿತು. ಆ ದಿನಗಳಲ್ಲಿಯೇ ಇಲ್ಲಿ, ಒಣದಿಬ್ಬದ ಊರಿನಲ್ಲಿ, ಅಜ್ಜನಿಗೆ ಗಂಡುಮಗು ಹುಟ್ಟಿತು. ವರ್ತಮಾನವು ಮುಟ್ಟುವುದಕ್ಕೆ ಎರಡು ತಿಂಗಳಾಯಿತು. ಕಾಗದವನ್ನು ಓದಿ ಹೇಳಿದವನು ಮೈಸೂರಿನ ಮಂಡಿಮೊಹಲ್ಲದ ಒಬ್ಬ ಮುಸಲ್ಮಾನ ಸವಾರ. ಅವನು ಓದಿ ಮುಗಿಸಿ ಪಕ್ಕದ ಕುದುರೆಯ ಕಿವಿಯಲ್ಲಿ “ನಿನಗೊಬ್ಬ ಚಿಕ್ಕ ಯಜಮಾನ ಬಂದ” ಎಂದು ಕೂಗಿದುದನ್ನು ನೆನೆದು ಅಜ್ಜನು ಮುಪ್ಪಿನಲ್ಲಿಯೂ ನಗುತ್ತಿದ್ದನು.

ಆ ಕುದುರೆಯ ವಿಷಯವನ್ನು ಇಲ್ಲಿ ಹೇಳದೆ ತೀರದು. ಅದು ಆಸ್ಟ್ರೇಲಿಯಾದಿಂದ ತರಿಸಿದ ವೇಲರ್ ಜಾತಿಯ ಹೆಣ್ಣುಕುದುರೆ, ಬಣ್ಣದಲ್ಲಿ ಕಂದುಗೆಂಪು. ಬಣ್ಣಕ್ಕೂ ಒಪ್ಪುವಂತೆ, ಊರಿನ ಹೊಳೆಯ ನೆನಪಿಗೂ ಆಗುವಂತೆ, ಅಜ್ಜನು ಅದಕ್ಕೆ ಕಪಿಲೆ ಎಂದು ಹೆಸರಿಟ್ಟಿದ್ದನು. ಕುದುರೆಯ ದಂಡಿನಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುವ ನಿಯಮವೊಂದುಂಟು: ಮೊದಲು ಕುದುರೆ, ಆಮೇಲೆ ಜೀನು, ಕಡೆಗೆ ಸವಾರ. ಎಷ್ಟು ದಣಿದು ಬಂದಿದ್ದರೂ ಕುದುರೆಯ ಮೈ ಉಜ್ಜಿ, ಗೊರಸು ನೋಡಿ, ನೀರು ಕುಡಿಸಿ, ಮೇವು ಹಾಕಿದ ಮೇಲೆಯೇ ಸವಾರನು ತನ್ನ ಬುತ್ತಿಯನ್ನು ಬಿಚ್ಚಬೇಕು. ನೀರು ಕುಡಿಸುವುದಕ್ಕೂ ಕ್ರಮವುಂಟು. ಕಡಿವಾಣವನ್ನು ತೆಗೆಯಬೇಕು, ಹೊಟ್ಟೆಪಟ್ಟಿಯನ್ನು ಸಡಿಲಿಸಬೇಕು, ಹುರುಳಿಗೆ ಮೊದಲು ನೀರು, ನೀರಿನ ಮೇಲೆ ಹುರುಳಿ. ಕುದುರೆಯು ಒಂದು ಸಲ ತಲೆಯೆತ್ತಿತೆಂದು ಎಳೆದುಕೊಂಡು ಹೋಗಕೂಡದು. ಅದು ಉಸಿರಾಡಿ ಮತ್ತೆ ಬಗ್ಗುತ್ತದೆ. “ಬಾಯಾರಿದ್ದು ಎರಡನೆಯ ಸಲ ಕುಡಿಯುವಾಗಲೇ ನಿಜವಾಗಿ ಕುಡಿಯುವುದು” ಎಂದು ಅಜ್ಜನು ಮೊಮ್ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದನು.

ಆ ಯುದ್ಧರಂಗದಲ್ಲಿ ನೀರೆಂಬುದು ಮದ್ದುಗುಂಡುಗಳಿಗಿಂತ ದೊಡ್ಡ ಚಿಂತೆಯಾಗಿತ್ತು. ಸಿನಾಯ್ ಮರಳುಗಾಡಿನಲ್ಲಿ ಸೈನ್ಯವು ಮುಂದುವರಿದಂತೆಲ್ಲ ಹಿಂದಿನಿಂದ ರೈಲುದಾರಿಯನ್ನೂ, ನೈಲ್ ನದಿಯ ಸಿಹಿನೀರನ್ನು ತರುವ ಕೊಳವೆಯನ್ನೂ ಹಾಕಿಕೊಂಡು ಬರಬೇಕಾಯಿತು. ೧೯೧೭ರ ಕಡೆಯಲ್ಲಿ ಗಾಜಾದ ಯುದ್ಧವಾದಾಗ ಎಷ್ಟೋ ಕುದುರೆಗಳು ಎರಡೆರಡು ದಿನ ನೀರು ಕಾಣದೆ ನಡೆದವು. ೧೯೧೮ರ ಬೇಸಗೆಯಲ್ಲಿ ಈ ದಳವಿದ್ದ ಜಾರ್ಡನ್ ಕಣಿವೆಯು ಸಮುದ್ರಮಟ್ಟಕ್ಕಿಂತ ಸಾವಿರ ಅಡಿಗೂ ಮೀರಿ ತಗ್ಗಿನಲ್ಲಿರುವ ಪ್ರದೇಶ. ಅಲ್ಲಿ ಬಿಸಿಲು, ಧೂಳು, ಸೊಳ್ಳೆ ಈ ಮೂರರದೇ ರಾಜ್ಯ. ಅಜ್ಜನು ಯುದ್ಧದ ವಿಷಯವೆಂದು ಹೇಳುತ್ತಿದ್ದುದು ಬಹುಮಟ್ಟಿಗೆ ಇವನ್ನೇ: ಯಾವ ಬಾವಿಯ ನೀರು ಉಪ್ಪು, ಯಾವುದು ಸಿಹಿ, ಹಗ್ಗವು ಎಷ್ಟು ಮಾರು ಇಳಿಯಿತು, ಕಪಿಲೆಯು ಎಷ್ಟು ಬಕೀಟು ಕುಡಿದಳು.

ಮೊಮ್ಮಕ್ಕಳು ಕೇಳಬಯಸಿದುದು ಇದನ್ನಲ್ಲ. ಹೈಫಾ ಪಟ್ಟಣದ ಮೇಲೆ ಮೈಸೂರಿನ ಸವಾರರು ಏರಿಹೋದ ಕಥೆಯನ್ನು ಅವರು ಶಾಲೆಯಲ್ಲಿ ಅಷ್ಟಿಷ್ಟು ಕೇಳಿದ್ದರು. ಆ ಪ್ರಸಂಗವು ನಿಜವಾಗಿಯೂ ಸಾಮಾನ್ಯವಾದುದಲ್ಲ. ೧೯೧೮ನೆಯ ಸೆಪ್ಟೆಂಬರ್ ೧೯ರಂದು ಜನರಲ್ ಅಲೆನ್‌ಬಿಯವರ ಸೈನ್ಯವು ಪ್ಯಾಲೆಸ್ಟೈನಿನಲ್ಲಿ ತುರ್ಕರ ಸಾಲನ್ನು ಭೇದಿಸಿ ಉತ್ತರಕ್ಕೆ ನುಗ್ಗಿತು. ೨೩ರಂದು ಹೈಫಾ ಬಂದರನ್ನು ಹಿಡಿಯುವ ಕೆಲಸವು ಬ್ರಿಗೇಡಿಯರ್ ಜನರಲ್ ಹಾರ್ಬೋರ್ಡರ ಕೈಕೆಳಗಿನ ೧೫ನೆಯ ಅಶ್ವದಳಕ್ಕೆ ಬಂದಿತು. ಊರಿನ ಒಂದು ಮಗ್ಗುಲಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದು ಮಗ್ಗುಲಿಗೆ ಕಿಶೋನ್ ಹೊಳೆಯ ಕೆಸರು; ನಡುವೆ ಕಿರಿದಾದ ದಾರಿ. ಬೆಟ್ಟದ ಮೇಲೆ ತೋಪುಗಳು, ಕೆಳಗೆ ಯಂತ್ರಬಂದೂಕುಗಳು. ಮೈಸೂರಿನ ಒಂದು ತುಕಡಿಯು ಕಡಿದಾದ ಕಾಲುದಾರಿಯಲ್ಲಿ ಬೆಟ್ಟವನ್ನೇರಿ ತೋಪುಗಳ ಮೇಲೆ ಬೀಳಬೇಕು; ಜೋಧಪುರದ ಸವಾರರು ಬಯಲಿನಿಂದ ನುಗ್ಗಬೇಕು; ಹೀಗೆಂದು ಏರ್ಪಾಡು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಜೋಧಪುರದವರು ನುಗ್ಗಿದರು. ಮುಂದೆ ಹೋದವರ ಕುದುರೆಗಳು ಹೊಳೆಯ ಕುಸಿಮರಳಿನಲ್ಲಿ ಹೂತುಹೋದುದನ್ನು ಕಂಡು, ಅವರು ಎಡಕ್ಕೆ ತಿರುಗಿ, ಗುಂಡಿನ ಮಳೆಯಲ್ಲಿಯೇ ಸಾಗಿ ಪಟ್ಟಣವನ್ನು ಹೊಕ್ಕರು. ಅವರ ನಾಯಕರಾದ ಮೇಜರ್ ದಲ್ಪತ್ ಸಿಂಗರು ಅಲ್ಲಿ ಮಡಿದರು. ಸಂಜೆಯೊಳಗಾಗಿ ಪಟ್ಟಣವು ಕೈಸೇರಿತು. ಸೆರೆಸಿಕ್ಕವರು ಸುಮಾರು ೧,೩೫೦ ಮಂದಿ. ವಶವಾದ ತೋಪುಗಳು ೧೭. ಬರಿಯ ಭಲ್ಲೆ ಕತ್ತಿಗಳ ಬಲದಿಂದ ಕುದುರೆಯ ಸವಾರರು ಕೋಟೆಕೊತ್ತಲಗಳಂಥ ನೆಲೆಯನ್ನು ಹಿಡಿದುದಕ್ಕೆ ಆಧುನಿಕ ಯುದ್ಧಚರಿತ್ರೆಯಲ್ಲಿ ಇಂಥ ನಿದರ್ಶನಗಳು ವಿರಳ.

ಬೆಟ್ಟವನ್ನೇರಿದ ತುಕಡಿಯಲ್ಲಿ ಅಜ್ಜನಿದ್ದನು. “ಎಷ್ಟು ಜನರನ್ನು ಕೊಂದೆ, ಅಜ್ಜ?” ಎಂದು ಹಿರಿಯ ಮೊಮ್ಮಗನು ಕೇಳದ ಹಬ್ಬವಿಲ್ಲ. ಅಜ್ಜನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಬೆಟ್ಟದ ಮೇಲೆ ಒಂದು ಹನಿ ನೀರಿರಲಿಲ್ಲ. ಕಪಿಲೆ ಬೆಳಗಿನಿಂದ ಕುಡಿದಿರಲಿಲ್ಲ” ಎನ್ನುವನು. ಹುಡುಗನಿಗೆ ಕೋಪ ಬರುವುದು. ಅಜ್ಜನಿಗೆ ಮರೆವು ಬಂದಿತೆಂದು ಮನೆಯವರು ಭಾವಿಸಿದುದೂ ಉಂಟು. ಮರೆವಲ್ಲ, ಆತನು ಆ ಲೆಕ್ಕವನ್ನು ಬಾಯಿಂದ ಆಡಬಾರದೆಂದು ನಿಶ್ಚಯಿಸಿಕೊಂಡಿದ್ದನು. ಒಮ್ಮೆ ಮಾತ್ರ, ಕಿರಿಯ ಮೊಮ್ಮಗಳೊಬ್ಬಳಿಗೆ, ಅಂದಿನ ಸಂಜೆಯ ಒಂದು ಸಂಗತಿಯನ್ನು ಹೇಳಿದನು. ಕಪಿಲೆಯ ತೊಡೆಗೆ ಗುಂಡು ತಗುಲಿತ್ತು. ಅಜ್ಜನು ಅವಳನ್ನು ನಡೆಯಿಸಿಕೊಂಡು ಪಟ್ಟಣದ ಬಾವಿಯ ಬಳಿಗೆ ಬಂದು, ಕ್ಯಾನ್ವಾಸಿನ ಬಕೀಟನ್ನು ತುಂಬಿಸಿ ಮುಂದಿಟ್ಟನು. ಪಕ್ಕದಲ್ಲಿ ಸೆರೆಸಿಕ್ಕ ತುರ್ಕರ ಸಾಲು. ಅವರಲ್ಲಿ ಮೀಸೆ ಮೂಡದ ಒಬ್ಬ ಹುಡುಗನು ಬಕೀಟನ್ನೇ ನೋಡುತ್ತಿದ್ದನು. ಮಾತು ತಿಳಿಯದು, ನೋಟವು ತಿಳಿಯಿತು. ಅಜ್ಜನು ಕುದುರೆಯ ಮೂತಿಯ ಕೆಳಗಿನಿಂದ ಬಕೀಟನ್ನು ತೆಗೆದು ಆ ಹುಡುಗನಿಗೆ ಕೊಟ್ಟನು. “ದಂಡಿನಲ್ಲಿದ್ದಷ್ಟು ಕಾಲವೂ ನಾನು ಆ ಕಾಯಿದೆಯನ್ನು ಮುರಿದದ್ದು ಅದೊಂದೇ ಸಲ. ಕಪಿಲೆ ಕಾದಳು” ಎಂದು ಅಜ್ಜನು ಮುಗಿಸಿದನು. ಮರುದಿನ ಅವಳನ್ನು ಪಶುವೈದ್ಯರ ತುಕಡಿಗೆ ಒಪ್ಪಿಸಬೇಕಾಯಿತು. ಆಮೇಲೆ ಅವಳ ವರ್ತಮಾನವು ಆತನಿಗೆ ತಿಳಿಯಲೇ ಇಲ್ಲ.

ಹೈಫಾದಲ್ಲಿ ಮಡಿದ ಸೈನಿಕರು ೮, ಗಾಯಗೊಂಡವರು ೩೪. ಮಡಿದ ಕುದುರೆಗಳು ೬೦, ಗಾಯಗೊಂಡವು ೮೩. ಯುದ್ಧವು ಮುಗಿದ ಮೇಲೆ ಉಳಿದ ಕುದುರೆಗಳ ಗತಿಯೂ ಸುಖಕರವಾಗಿರಲಿಲ್ಲ. ಚಕ್ರಾಧಿಪತ್ಯದ ಸೈನ್ಯದಲ್ಲಿದ್ದ ಸಾವಿರಾರು ಕುದುರೆಗಳು ಈಜಿಪ್ಟಿನಲ್ಲಿಯೇ ಮಾರಲ್ಪಟ್ಟು, ಗಾಡಿ ಎಳೆದು, ಕಲ್ಲು ಹೊತ್ತು ಸವೆದವು. ೧೯೩೦ರಲ್ಲಿ ಕೈರೋ ನಗರಕ್ಕೆ ಬಂದ ಡೊರೊಥಿ ಬ್ರೂಕ್ ಎಂಬ ಆಂಗ್ಲ ಮಹಿಳೆಯು ಮುದಿಯಾಗಿ ಎಲುಬುಗೂಡಾಗಿದ್ದ ಆ ದಂಡಿನ ಕುದುರೆಗಳನ್ನು ಕಂಡು, ತನ್ನ ದೇಶದ ಪತ್ರಿಕೆಗೆ ಬರೆದು ಹಣ ಕೂಡಿಸಿ, ಸುಮಾರು ೫,೦೦೦ ಕುದುರೆಗಳನ್ನು ಕೊಂಡು ಅವುಗಳ ಕಡೆಗಾಲದ ಸಂಕಟವನ್ನು ತಪ್ಪಿಸಿದಳು. ೧೯೩೪ರಲ್ಲಿ ಆಕೆಯು ಅಲ್ಲಿ ಕಟ್ಟಿಸಿದ ಪಶುಚಿಕಿತ್ಸಾಲಯವು ದೊಡ್ಡ ಸಂಸ್ಥೆಯಾಗಿ ಬೆಳೆದಿದೆ. ಅಜ್ಜನಿಗೆ ಈ ವಿಷಯವು ತಿಳಿದಿರಲಿಲ್ಲ. ತಿಳಿದಿದ್ದರೆ ಆ ಪುಣ್ಯವತಿಯ ಹೆಸರನ್ನು ದೇವರ ಹೆಸರಿನೊಡನೆ ಸೇರಿಸಿ ಹೇಳುತ್ತಿದ್ದನು.

ಊರಿನ ಚಾವಡಿಯಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಭಾರತವಾಚನವು ನಡೆಯುತ್ತಿತ್ತು. ದ್ರೋಣಪರ್ವದಲ್ಲಿ ಸೈಂಧವವಧೆಯ ದಿನ ಅರ್ಜುನನ ಕುದುರೆಗಳು ಬಾಯಾರಿ ಬಳಲುವ ಪ್ರಸಂಗವುಂಟಷ್ಟೆ. ಅರ್ಜುನನು ರಣರಂಗದ ನಡುವೆಯೇ ಬಾಣದಿಂದ ನೆಲವನ್ನು ಭೇದಿಸಿ ಸರೋವರವನ್ನುಂಟುಮಾಡುತ್ತಾನೆ. ಶ್ರೀಕೃಷ್ಣನು ಕುದುರೆಗಳನ್ನು ಬಿಚ್ಚಿ, ನಾಟಿದ ಬಾಣಗಳನ್ನು ತನ್ನ ಕೈಯಿಂದಲೇ ಕಿತ್ತು, ಮೈ ತಿಕ್ಕಿ, ನೀರು ಕುಡಿಸುತ್ತಾನೆ. ಗೀತೆಯನ್ನು ಉಪದೇಶಿಸಿದ ಕೈಯೇ ಕುದುರೆಯ ಬೆನ್ನನ್ನು ತಿಕ್ಕಿದುದನ್ನು ವಿದ್ವಾಂಸರು ಸಾರಥ್ಯದ ಒಂದು ಅಂಗವೆಂದು ಹೇಳಿ ಮುಂದೆ ಹೋಗುವರು. ಅಜ್ಜನು ಹೋಗಗೊಡುತ್ತಿರಲಿಲ್ಲ. ವಾಚಕನು ಆ ಭಾಗವನ್ನು ಮುಗಿಸಿದೊಡನೆ, “ಅದನ್ನು ಇನ್ನೊಮ್ಮೆ ಓದಿ, ಸ್ವಾಮಿ” ಎಂದು ಕೈಮುಗಿಯುವನು. ಸೈಂಧವನ ತಲೆ ಉರುಳುವುದನ್ನು ಕೇಳಲು ಊರೇ ಕಾದಿರುವಾಗ ಆತನು ಎದ್ದು ಮನೆಗೆ ಹೋಗಿಬಿಡುವನು. ಆ ವರ್ತನೆಯ ಅರ್ಥವು ಅಂದು ಯಾರಿಗೂ ಆಗಲಿಲ್ಲ.

ಹೈಫಾದ ತರುವಾಯ ಸೈನ್ಯವು ಉತ್ತರಕ್ಕೆ ನಡೆಯಿತು. ಅಕ್ಟೋಬರ್ ೧ರಂದು ಡಮಾಸ್ಕಸ್ ಬಿದ್ದಿತು. ೨೬ರಂದು ಅಲೆಪ್ಪೋ ನಗರದ ಆಚೆಯ ಹರಿತಾನ್ ಎಂಬಲ್ಲಿ ಮೈಸೂರು ಮತ್ತು ಜೋಧಪುರದ ಸವಾರರು ಕಡೆಯ ಸಲ ಏರಿಹೋದರು. ಅಲ್ಲಿ ಹೈಫಾದಲ್ಲಿಗಿಂತ ಹೆಚ್ಚು ಮಂದಿ ಮಡಿದರು. ಐದು ದಿನಗಳೊಳಗೆ ತುರ್ಕರೊಡನೆ ಯುದ್ಧವಿರಾಮವಾಯಿತು. ಈ ನಡುವೆ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಜ್ವರಗಳು ಸೈನ್ಯದಲ್ಲಿ ಹರಡಿ, ಗುಂಡಿಗೆ ಸಿಕ್ಕದವರನ್ನು ಡಮಾಸ್ಕಸ್ಸಿನ ಆಸ್ಪತ್ರೆಗಳಲ್ಲಿ ಮಲಗಿಸಿದವು. ಅಜ್ಜನೂ ಕೆಲವು ದಿನ ಜ್ವರದಲ್ಲಿ ಬಿದ್ದಿದ್ದನು. ಮೊದಲು ಕಾಗದ ಓದಿದ ಆ ಮುಸಲ್ಮಾನ ಸಂಗಡಿಗನು ಹಗಲಿರುಳು ಬಳಿಯಲ್ಲಿ ಕುಳಿತು, ಚಮಚದಿಂದ ನೀರು ಹಾಕಿ ಬದುಕಿಸಿದನು.

ಅದೇ ಅಕ್ಟೋಬರಿನಲ್ಲಿ ಅದೇ ಜ್ವರವು ಮೈಸೂರು ಸೀಮೆಗೂ ಬಂದಿತ್ತು. ಆ ವರ್ಷ ಮಳೆಯೂ ಕೈಕೊಟ್ಟಿದ್ದಿತು. ಹಿಂದೂಸ್ಥಾನದಲ್ಲಿ ಆ ಒಂದು ವ್ಯಾಧಿಗೆ ಬಲಿಯಾದವರು ಕೋಟಿಗೂ ಮೀರಿದವರೆಂದು ಚರಿತ್ರಕಾರರು ಹೇಳುತ್ತಾರೆ. ಆಗಿನ ಹಳ್ಳಿಗಳ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ: ಒಂದು ಮನೆಯಲ್ಲಿ ಮಲಗಿದವರನ್ನು ನೋಡುವುದಕ್ಕೆ ಇನ್ನೊಂದು ಮನೆಯಲ್ಲಿ ಎದ್ದು ನಿಲ್ಲುವವರಿರಲಿಲ್ಲ.

ದಳವು ೧೯೨೦ರಲ್ಲಿ ಸ್ವದೇಶಕ್ಕೆ ಬಂದಿತು. ಬೆಂಗಳೂರಿನಲ್ಲಿ ಮರ್ಯಾದೆಗಳಾದವು. ಅಜ್ಜನು ರಜೆ ಪಡೆದು ನಂಜನಗೂಡಿನವರೆಗೆ ರೈಲಿನಲ್ಲಿ ಬಂದು, ಹೋದ ದಾರಿಯಲ್ಲಿಯೇ ನಡೆದು ಊರನ್ನು ಸೇರಿದನು. ತಾಯಿಯೂ ಹೆಂಡತಿಯೂ ಗತಿಸಿ ಒಂದೂವರೆ ವರ್ಷವಾಗಿತ್ತು. ಊರಿನವರು ಬರೆಯಿಸಿದ್ದ ಕಾಗದವು ಸಿರಿಯಾದ ದಾರಿಗಳಲ್ಲಿ ಎಲ್ಲಿಯೋ ಕಳೆದುಹೋಗಿದ್ದಿತು. ಐದು ವರ್ಷದ ಮಗನು ಅತ್ತೆಯ ಸೆರಗಿನ ಹಿಂದೆ ನಿಂತು, ಖಾಕಿಯ ಉಡುಪಿನ ಮನುಷ್ಯನನ್ನು ಕಂಡು ಅಳತೊಡಗಿದನು.

ಅಜ್ಜನು ದಂಡಿನ ಕೆಲಸವನ್ನು ಬಿಟ್ಟು ಊರಿನಲ್ಲಿ ನಿಂತನು. ಮಗನು ಹತ್ತಿರ ಬಾರನು, ಕರೆದರೆ ಓಡುವನು. ಬೆದರಿದ ಮರಿಕುದುರೆಯನ್ನು ಪಳಗಿಸುವ ಉಪಾಯವೊಂದೇ ಅಜ್ಜನಿಗೆ ಗೊತ್ತಿದ್ದುದು. ಬೆನ್ನಟ್ಟಕೂಡದು, ಕಣ್ಣಿನಲ್ಲಿ ಕಣ್ಣಿಟ್ಟು ನೋಡಕೂಡದು, ದಿನವೂ ಅದೇ ಹೊತ್ತಿಗೆ ಅದೇ ಸ್ಥಳದಲ್ಲಿ, ತನ್ನ ಪಾಡಿಗೆ ತಾನು ಏನಾದರೂ ಕೆಲಸ ಮಾಡುತ್ತ ಕುಳಿತಿರಬೇಕು. ಆತನು ಪ್ರತಿ ಸಾಯಂಕಾಲವೂ ತಂಗಿಯ ಮನೆಯ ಜಗುಲಿಯ ತುದಿಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದನು. ಅದಕ್ಕಾಗಿ ಹೋಗುತ್ತ ಮೂರು ಹರಿದಾರಿ, ಬರುತ್ತ ಮೂರು ಹರಿದಾರಿ ನಡೆಯುತ್ತಿದ್ದನು. ಎರಡು ತಿಂಗಳಾದ ಮೇಲೆ ಒಂದು ದಿನ ಹುಡುಗನು ತಾನಾಗಿ ಬಂದು ಹಗ್ಗದ ಇನ್ನೊಂದು ತುದಿಯನ್ನು ಹಿಡಿದನು. ಆದರೂ ತಂದೆಮಕ್ಕಳ ನಡುವೆ ಕಡೆಯವರೆಗೂ ಒಂದು ಮಿತವಾದ ಮೌನವಿದ್ದಿತು. ಮಗನು ವಿಧೇಯನಾಗಿದ್ದನು, ದಕ್ಷನಾಗಿದ್ದನು. ಮನಸ್ಸು ಬಿಚ್ಚಿ ಮಾತನಾಡಿದವನಲ್ಲ. ಆ ಬಾಲ್ಯದಲ್ಲಿ ಮಗನಿಗೆ ಕೊಡಲಾಗದುದನ್ನೆಲ್ಲ ಅಜ್ಜನು ಮೊಮ್ಮಕ್ಕಳಿಗೆ ಕೊಟ್ಟನು. ಹೆಗಲ ಮೇಲಿನ ಸವಾರಿ, ಹೊದೆಯುವ ಕಂಬಳಿಯೊಳಗಿನ ಕಥೆ, ಜ್ವರ ಬಂದ ರಾತ್ರಿಗಳ ಕಾವಲು ಎಲ್ಲವೂ ಅವರ ಪಾಲಿಗೆ ಬಂದವು. ಮಕ್ಕಳು ರಾತ್ರಿ ಎಚ್ಚತ್ತು ನರಳಿದರೆ, ತಾಯಿಯು ಏಳುವುದಕ್ಕೆ ಮುಂಚೆ ಅಜ್ಜನು ತಂಬಿಗೆ ಹಿಡಿದು ನಿಂತಿರುವನು.

ಊರಿಗೆ ಬಂದ ಎರಡನೆಯ ವರ್ಷ ಅಜ್ಜನು ಬಾವಿಯ ಬಳಿ ತೊಟ್ಟಿಯನ್ನು ಕಟ್ಟಿಸಲು ತೊಡಗಿದನು. ಕಲ್ಲುಕುಟಿಗನ ಕೂಲಿಗೆ ದಂಡಿನಲ್ಲಿ ಉಳಿಸಿದ ಹಣವು ಸಾಲಲಿಲ್ಲ. ಸರಕಾರದಿಂದ ಬಂದ ಮೂರು ಪದಕಗಳಲ್ಲಿ ಎರಡು ಕಂಚಿನವು, ಒಂದು ಬೆಳ್ಳಿಯದು. ಬೆಳ್ಳಿಯದನ್ನು ಅಕ್ಕಸಾಲಿಯು ತೂಕಕ್ಕೆ ಕೊಂಡನು. ೧೯೧೪–೧೫ ಎಂದು ಬರೆದಿರುವ ಕಂಚಿನ ನಕ್ಷತ್ರವು ಈಗಲೂ ಆ ಮನೆಯಲ್ಲಿದೆ. ಅದರ ಹಿಂದೆ ಅಜ್ಜನ ಹೆಸರು ಒತ್ತಿದೆ. ತೊಟ್ಟಿಯಲ್ಲಿ ಎರಡು ಭಾಗಗಳು: ತಗ್ಗಿನದು ದನಕರುಗಳಿಗೆ, ಎತ್ತರದ ಸಣ್ಣದು ಮನುಷ್ಯರಿಗೆ. ಬೆಳಗ್ಗೆ ಸಂಜೆ ಅದನ್ನು ಅಜ್ಜನೇ ಸೇದಿ ತುಂಬಿಸುತ್ತಿದ್ದನು. ಊರಿನಲ್ಲಿ ಯಾರಾದರೂ ಕಾಯಿಲೆಯಾಗಿ ಮಲಗಿದರೆ ಅವರ ಬಾಗಿಲಿಗೆ ಒಂದು ಕೊಡ ನೀರನ್ನು, ಜಾತಿಮತಗಳನ್ನು ನೋಡದೆ, ಕೇಳದೆಯೇ ಇಟ್ಟುಬರುತ್ತಿದ್ದನು. ದಂಡಿನಜ್ಜನಿಗೆ ಕಳೆದುಹೋದ ಕುದುರೆಯ ಹುಚ್ಚು, ಅದಕ್ಕಾಗಿ ಈ ವ್ರತ ಎಂದು ಜನರು ಹೇಳುತ್ತಿದ್ದರು. ಅಜ್ಜನು ಇಲ್ಲವೆನ್ನಲಿಲ್ಲ.

೧೯೬೫ರ ಯುದ್ಧಕಾಲದಲ್ಲಿ ನೆರೆಮನೆಯ ಯುವಕನೊಬ್ಬನು ಸೈನ್ಯಕ್ಕೆ ಹೊರಟು, ಅಜ್ಜನಿಗೆ ನಮಸ್ಕರಿಸಲು ಬಂದನು. ಶೌರ್ಯದ ಮಾತನ್ನು ಕೇಳಲು ಸುತ್ತ ಜನರು ಸೇರಿದ್ದರು. “ನಮ್ಮ ಕಾಲದಲ್ಲಿ ಕುದುರೆ ಕುಡಿದ ಮೇಲೆ ನಾವು ಕುಡಿಯುತ್ತಿದ್ದೆವು. ನಿಮಗೆ ಕುದುರೆಯಿಲ್ಲ. ಪಕ್ಕದವನು ಕುಡಿದ ಮೇಲೆ ಕುಡಿ” ಎಂದು ಅಜ್ಜನು ಹೇಳಿ ತಲೆಯ ಮೇಲೆ ಕೈಯಿಟ್ಟನು. ಆ ಯುವಕನು ಸುಖವಾಗಿ ಹಿಂದಿರುಗಿದನು. ಮುಪ್ಪಿನಲ್ಲಿ ಆತನೂ ಈ ಮಾತನ್ನು ತನ್ನ ಮಕ್ಕಳಿಗೆ ಹೇಳುತ್ತಿದ್ದುದುಂಟು.

೧೯೬೭ರ ಬೇಸಗೆಯಲ್ಲಿ ಅಜ್ಜನು ಎರಡು ದಿನ ಮಲಗಿ ತೀರಿಕೊಂಡನು. ಹತ್ತನೆಯ ದಿನದ ಕರ್ಮಗಳಾದ ಮೇಲೆ, ಆತನ ತಂಗಿಯು ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕುಳ್ಳಿರಿಸಿಕೊಂಡು, ಅರ್ಧ ಶತಮಾನದ ಕಾಲ ಎದೆಯಲ್ಲಿಟ್ಟುಕೊಂಡಿದ್ದ ವಿಷಯವನ್ನು ಹೇಳಿದಳು. ಜ್ವರದ ವರ್ತಮಾನವನ್ನು ಕೇಳಿ ಆಕೆಯು ತವರಿಗೆ ಬಂದುದು ಮೂರನೆಯ ದಿನ. ತಾಯಿಯು ನಡುಮನೆಯಲ್ಲಿ ಸತ್ತುಬಿದ್ದಿದ್ದಳು. ಅತ್ತಿಗೆಯು ಹೊಸ್ತಿಲವರೆಗೆ ತೆವಳಿಕೊಂಡು ಬಂದು, ಬರಿದಾದ ಕೊಡದ ಮೇಲೆ ಕೈಯಿಟ್ಟು ಪ್ರಾಣ ಬಿಟ್ಟಿದ್ದಳು. ಮೂರು ವರ್ಷದ ಮಗುವೊಂದು ಮಾತ್ರ ಬದುಕಿದ್ದು ತಾಯಿಯ ಪಕ್ಕದಲ್ಲಿ ಮಲಗಿತ್ತು. ಬೀದಿಯಲ್ಲೆಲ್ಲ ಅದೇ ಸ್ಥಿತಿಯಾಗಿದ್ದುದರಿಂದ ಬಾವಿಗೆ ಹೋಗುವವರೇ ಇರಲಿಲ್ಲ.

“ದಂಡಿನಿಂದ ಬಂದ ರಾತ್ರಿ ಅಣ್ಣ ನನ್ನನ್ನು ಒಂದೇ ಮಾತು ಕೇಳಿದ. ಅವರಿಗೆ ನೀರು ಕೊಡುವವರು ಯಾರಾದರೂ ಇದ್ದರೇ ಎಂದು. ಇದ್ದರು ಎಂದು ನಾನು ಸುಳ್ಳು ಹೇಳಬಹುದಾಗಿತ್ತು. ನನಗೆ ಅದು ತೋಚಲಿಲ್ಲ. ಇಲ್ಲ ಎಂದೆ. ಅವನು ಮತ್ತೆ ಆ ಮಾತೆತ್ತಲಿಲ್ಲ” ಎಂದು ಮುದುಕಿಯು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಮಗನಿಗೆ ಐವತ್ತೆರಡು ವರ್ಷ. ತಾಯಿಯ ಮರಣದ ರೀತಿಯನ್ನು ಆತನು ಕೇಳಿದುದು ಅದೇ ಮೊದಲು. ಆತನು ಏನೂ ಮಾತನಾಡದೆ ಎದ್ದು, ಸೂತಕದ ಬಟ್ಟೆಯಲ್ಲಿಯೇ ಬಾವಿಯ ಬಳಿಗೆ ಹೋದನು. ಹತ್ತು ದಿನಗಳಿಂದ ತೊಟ್ಟಿಯು ಒಣಗಿತ್ತು. ಕತ್ತಲಾಗುವವರೆಗೂ ಸೇದಿ ಸೇದಿ ಅದನ್ನು ತುಂಬಿಸಿದನು. ತಾನು ಬದುಕಿರುವವರೆಗೂ ಒಂದು ದಿನವಾದರೂ ಆ ಕೆಲಸವನ್ನು ತಪ್ಪಿಸಲಿಲ್ಲ.

ಮೈಸೂರು ಸವಾರರ ಕೀರ್ತಿಗೆ ಕೊರತೆಯಾಗಿಲ್ಲ. ೧೯೨೨ರಲ್ಲಿ ದಿಲ್ಲಿಯಲ್ಲಿ ನಿಲ್ಲಿಸಿದ ಮೂರು ಸೈನಿಕರ ವಿಗ್ರಹಗಳು ಹೈದರಾಬಾದು, ಜೋಧಪುರ, ಮೈಸೂರು ಈ ಮೂರು ದಳಗಳಿಗೆ ಸಂಬಂಧಿಸಿದವು. ಆ ವೃತ್ತಕ್ಕೆ ೨೦೧೮ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ದಳದ ಸ್ಮಾರಕಸ್ತಂಭವಿದೆ. ಸೆಪ್ಟೆಂಬರ್ ೨೩ನ್ನು ಭಾರತೀಯ ಸೈನ್ಯವು ಹೈಫಾ ದಿನವೆಂದು ಆಚರಿಸುತ್ತದೆ. ಇವೆಲ್ಲವೂ ಉಚಿತವೇ ಸರಿ. ಶತಮಾನೋತ್ಸವದ ವರ್ಷದಲ್ಲಿ ಅಜ್ಜನ ಊರಿನ ಯುವಕರಿಗೂ ಉತ್ಸಾಹವುಂಟಾಗಿ, ಹಾರುವ ಕುದುರೆಯ ಮೇಲೆ ಭಲ್ಲೆಯೆತ್ತಿದ ಅಜ್ಜನ ಪ್ರತಿಮೆಯೊಂದನ್ನು ಬಾವಿಯ ಬಳಿ ನಿಲ್ಲಿಸಬೇಕೆಂದು ಚಂದಾ ಕೂಡಿಸಿದರು. ತೊಟ್ಟಿಯು ಬಿರುಕು ಬಿಟ್ಟು ಬರಿದಾಗಿತ್ತು. ಅದನ್ನು ಕೀಳಿಸಿ ಆ ಸ್ಥಳದಲ್ಲಿಯೇ ಪೀಠ ಕಟ್ಟುವುದೆಂದು ಗೊತ್ತಾಯಿತು. ಆಗ, ತುರ್ಕ ಹುಡುಗನ ಕಥೆಯನ್ನು ಕೇಳಿದ್ದ ಆ ಕಿರಿಯ ಮೊಮ್ಮಗಳು, ಎಪ್ಪತ್ತು ಮೀರಿದ ಮುದುಕಿ, ಊರಿಗೆ ಬಂದು ಯುವಕರಿಗೆ ಎಲ್ಲವನ್ನೂ ಹೇಳಿದಳು. ಬೇಡವೆಂದು ಹೇಳಲಿಲ್ಲ, ಬಲ್ಲುದನ್ನು ಹೇಳಿ ಸುಮ್ಮನಾದಳು.

ಯುವಕರು ಎರಡು ದಿನ ಯೋಚಿಸಿದರು. ಕೂಡಿದ ಹಣದಿಂದ ತೊಟ್ಟಿಯ ಬಿರುಕನ್ನು ಮುಚ್ಚಿಸಿ, ನಲ್ಲಿಯ ನೀರನ್ನು ಅದ‌ಕ್ಕೆ ತಿರುಗಿಸಿದರು. ಬೇವಿನ ಮರದ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲನ್ನು ನೆಟ್ಟು, ಅದರಲ್ಲಿ ಮೂರು ಹೆಸರುಗಳನ್ನು ಕೊರೆಯಿಸಿದರು: ಅಜ್ಜನದು, ಆತನ ತಾಯಿಯದು, ಆತನ ಹೆಂಡತಿಯದು. ಕೆಳಗೆ ೧೯೧೮ ಎಂಬ ಇಸವಿ.

ಹಳೆಯ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುವುದನ್ನು ವಾಚಕರು ಕಂಡಿರಬಹುದು. ಕೆಳಗಿನದರಲ್ಲಿ ಯುದ್ಧ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ಶಿವಸನ್ನಿಧಿ. ವೀರನು ಬಿಟ್ಟುಹೋದ ಮನೆಗೆ ಅಲ್ಲಿ ಹಂತವಿಲ್ಲ. ಆ ಒಣದಿಬ್ಬದ ಊರಿನ ಕಲ್ಲಿನಲ್ಲಿ ಮಾತ್ರ ಅದು ಸೇರಿದೆ. ಊರಿನಲ್ಲಿ ಈಗ ದನಕರುಗಳು ಹಿಂದಿನಷ್ಟಿಲ್ಲ. ಇರುವವು ಸಂಜೆಯ ಹೊತ್ತಿಗೆ ಬಂದು ತೊಟ್ಟಿಯಲ್ಲಿ ಕುಡಿಯುತ್ತವೆ. ಒಂದು ಸಲ ತಲೆಯೆತ್ತಿದೊಡನೆ ಅವನ್ನು ಯಾರೂ ಎಳೆದುಕೊಂಡು ಹೋಗುವುದಿಲ್ಲ.